ಕಚೇರಿ ಬೇಕಾದ್ರ ಕೂಡಸ್ರಿ, ಸಾಲಿ ಬಾಗಲಾ ಮುಚ್ಚಬ್ಯಾಡ್ರಿ

ಸಾಲಿ ಕೂಡಸೋ ಮಾತು ಮತ್ತ ಎದ್ದದ. ಹಿಂದಿನ ಸಲ ಇದಕ್ಕ ‘ವಿಲೀನ’ ಅಂದಿದ್ರು, ಮಂದಿ ಒದರಾಡಿದ್ರು. ಈ ಸಲ ಹೆಸರು ಬದಲಿ ಮಾಡ್ಯಾರ, ‘ಮ್ಯಾಗ್ನೆಟ್ ಶಾಲೆ’ ಅಂತ. ಮ್ಯಾಗ್ನೆಟ್ ಅಂದ್ರ ಸೂಜಿಗಲ್ಲು. ಒಂದು ದೊಡ್ಡ ಸಾಲಿ ನಡುವ ನಿಂತು ಸುತ್ತಮುತ್ತಲಿನ ಸಣ್ಣ ಸಾಲಿ ಮಕ್ಕಳಿಗಿ ತನ್ನ ಕಡಿ ಎಳ್ಕೋತದಂತ. ಕೇಳ್ಲಾಕ ಛಂದ ಅದ. ಆದ್ರ ಸೂಜಿಗಲ್ಲು ಎಳಿಯೋದು ಕಬ್ಬಿಣಕ್ಕ. ಆರು ವರ್ಷದ ಕೂಸು ತನ್ನ ಕಾಲಿಲೇ ನಡ್ಕೊಂತ ಹೋಗ್ಬೇಕು, ಬೆನ್ನ ಮ್ಯಾಲ ಪಾಟಿಚೀಲ ಹೊತ್ಗೊಂಡು, ನಮ್ಮ ಕಲಬುರಗಿ ಬಿಸಲಾಗ.

ನಾ ಶಿಕ್ಷಣ ತಜ್ಞಿ ಅಲ್ಲ. ಪಿಯುಸಿ ತನಕ ಓದಿ, ಲಗ್ನಾಗಿ ಮೋಮಿನಪುರಕ್ಕ ಬಂದಾಕಿ. ತವರು ಕಮಲಾಪುರ ಕಡಿ, ಕೆಂಪು ಬಾಳಿಹಣ್ಣಿನ ಸೀಮಿ. ಮೂವತ್ತು ವರ್ಷ ಮುಂಜಾನಿ ರೊಟ್ಟಿ ಬಡದು, ಡಬ್ಬಿ ಕಟ್ಟಿ, ನಮ್ಮ ಮನಿ ಮಕ್ಕಳಿಗಿ ಬಾಜೂ ಮನಿ ಮಕ್ಕಳಿಗಿ ಸಾಲಿಗಿ ಅಟ್ಟೀನಿ. ‘ಇದು ಇಲಾಖೆ ವಿಚಾರ, ನಿಮಗ್ಯಾಕ ಬೇಕ್ರಿ ಅಕ್ಕಾರ’ ಅಂದ್ರ ನಾ ಒಪ್ಪಂಗಿಲ್ಲ. ಕೂಸಿಗಿ ತಲಿ ಬಾಚಿ ಕಳಸೋರು ನಾವು. ಅದು ಸಂಜಿಗಿ ಬರೋದು ಹತ್ತು ನಿಮಿಷ ತಡ ಆದ್ರ ಬಾಗಲ್ದಾಗ ನಿಂದ್ರೋರು ನಾವು. ಸಾಲಿ ದೂರಾದ್ರ ‘ಇನ್ನ ಸಾಕು ಬಿಡು, ಮನ್ಯಾಗ ಇರ್ಲಿ’ ಅಂತ ಯಜಮಾನ್ರು ಹೇಳಿದಾಗ ಜಗಳ ತಗಿಯೋರೂ ನಾವೇ. ಹಂಗಾಗಿ ನಮ್ಮ ಮಾತೂ ಕೇಳ್ಬೇಕು.

ಮೊದಲ ಸರಕಾರ ಏನೇನ್ ಹೇಳ್ಯಾದ ಅಂತ ನೆನಪು ಮಾಡ್ಕೊಳ್ಳಮ್ಮ. 2018ರ ಜುಲೈದಾಗ ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಬಜೆಟ್ ಓದಿದ್ರು. ಅದರಾಗ 28,847 ಸರಕಾರಿ ಸಾಲಿಗಳನ್ನ ಹತ್ತರದ 8,530 ಸಾಲಿಗಳ ಜೋಡಿ ಕೂಡಸೋ ಮಾತಿತ್ತು. ಸಾಹಿತಿಗಳು, ಹೋರಾಟಗಾರರು, ಊರ ಮಂದಿ ಎಲ್ಲಾರೂ ಎದ್ದು ಕೂತ್ರು. ಅದೇ ಕಾಲಕ್ಕ ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂತ ಶುರು ಆತು, ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಿನಾಗ. 2025ರ ಮಾರ್ಚ್ ಬಜೆಟ್‌ದಾಗ ಸಿದ್ದರಾಮಯ್ಯನವರು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವು ತಗೊಂಡು 2,500 ಕೋಟಿ ರೂಪಾಯಿದಾಗ ಇನ್ನೂ 500 ಸಾಲಿ ಹಿಂಗ ಮಾಡ್ತೀವಿ ಅಂದ್ರು. ಅದೇ ವರ್ಷ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಾಗ ಸುತ್ತಲಿನ ಸಣ್ಣ ಸಾಲಿಗಳನ್ನ ದೊಡ್ಡ ಸಾಲ್ಯಾಗ ಸೇರಸೋ ಆದೇಶ ಹೊಂಟಾಗ ರಾಜ್ಯದ ತುಂಬ ಗದ್ದಲ ಆತು. ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ‘ಯಾವ ಸಾಲಿನೂ ಮುಚ್ಚಂಗಿಲ್ಲ’ ಅಂತ ಹೇಳ್ಯಾರ.

ಛಲೋ ಆತು. ಆದ್ರ ‘ಮುಚ್ಚಂಗಿಲ್ಲ’ ಅನ್ನೋ ಶಬ್ದ ಜರಾ ತಿರುಗಿಸಿ ನೋಡ್ರಿ. ಸಾಲಿ ಮುಚ್ಲಾಕ ಬೀಗ ಹಾಕೋದೇ ಬೇಕಾಗಿಲ್ಲ. ಇದ್ದ ಒಬ್ಬ ಮಾಸ್ತರಿಗಿ ದೊಡ್ಡ ಸಾಲಿಗಿ ಹಾಕ್ರಿ. ‘ಈ ವರ್ಷ ಒಂದನೇತ್ತಾ ಅಲ್ಲೇ ಸೇರಸ್ರಿ, ಅಲ್ಲಿ ಇಂಗ್ಲೀಷ್ ಅದ’ ಅಂತ ಊರಾಗ ಹೇಳಿ ಬರ್ರಿ. ಎರಡು ವರ್ಷದಾಗ ಹಾಜರಿ ಪುಸ್ತಕ ತಾನೇ ಖಾಲಿ ಆಗ್ತದ. ಆಮ್ಯಾಲ ‘ಮಕ್ಕಳೇ ಇಲ್ರೀ, ನಾವೇನ್ ಮಾಡಮಿ’ ಅನ್ನೋದು. ತುಳಸಿಗಿ ನೀರು ಹಾಕೋದು ಬಿಟ್ಟು, ನಾ ಏನ್ ಕಿತ್ತಿ ಒಗದೀನೇನು ಅಂದಂಗ ಆತು ಇದು.

ಕೂಡಸೋರು ಎರಡು ಅಳತಿ ಇಟ್ಗೊಂಡಾರ. ಒಂದು ಹಾಜರಿ ಪುಸ್ತಕದಾಗಿನ ತಲಿ ಎಣಿಕಿ, ಇನ್ನೊಂದು ನಕಾಶಿ ಮ್ಯಾಲಿನ ಕಿಲೋಮೀಟರ್. ಎರಡೂ ಸುಳ್ಳಲ್ಲ. ಆದ್ರ ಎರಡೂ ಅರ್ಧ ಅಳತಿ.

ಕಿಲೋಮೀಟರಿನ ಮಾತು ಮೊದಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿ ಅದ. ನಮ್ಮ ರಾಜ್ಯದ ನಿಯಮದಾಗ ಒಂದರಿಂದ ಐದನೇತ್ತಾ ತನಕ ಒಂದು ಕಿಲೋಮೀಟರಿನ ಒಳಗ, ಆರರಿಂದ ಎಂಟನೇತ್ತಾ ತನಕ ಮೂರು ಕಿಲೋಮೀಟರಿನ ಒಳಗ ಸಾಲಿ ಇರ್ಬೇಕು ಅಂತದ. ನಡದು ಹೋಗೋ ದೂರ ಅದು, ಕಾಗೆ ಹಾರೋ ದೂರ ಅಲ್ಲ. ನನ್ನ ತವರಿನ ಮಗ್ಗಲಿಗಿ ಒಂದು ತಾಂಡಾ ಅದ. ನಕಾಶಿ ಮ್ಯಾಲ ಅಲ್ಲಿಂದ ಊರ ಸಾಲಿಗಿ ಒಂದೂವರಿ ಕಿಲೋಮೀಟರ್ ಇರಬಹುದು. ನಡುವ ಒಂದು ನಾಲಾ ಅದ. ಬ್ಯಾಸಗ್ಯಾಗ ಅದು ಬರೇ ಕಲ್ಲು, ಮಳಗಾಲದಾಗ ದೊಡ್ಡವರ ತೊಡಿ ಮಟ ನೀರು. ಜುಲೈ, ಆಗಸ್ಟ್‌ದಾಗ ಆ ಒಂದೂವರಿ ಕಿಲೋಮೀಟರ್ ಸುತ್ತು ಹಾಕಿ ನಾಲ್ಕಾಗ್ತದ. ನಮ್ಮ ಕರಿಮಣ್ಣು ನಿಮಗ ಗೊತ್ತದ, ಮಳಿ ಬಿದ್ದ ಮರುದಿನ ಒಂದೊಂದು ಚಪ್ಪಲಿಗಿ ಅರ್ಧ ಕಿಲೋ ಮೆತ್ಗೋತದ. ಈ ಮಣ್ಣು ಕಚೇರಿ ನಕಾಶಿ ಮ್ಯಾಲ ಕಾಣಂಗಿಲ್ಲ.

ಪ್ಯಾಟ್ಯಾಗ ದೂರ ಬ್ಯಾರೆ ಥರಾ. ಮೋಮಿನಪುರದಂಥ ಓಣ್ಯಾಗ ಎಂಟುನೂರು ಮೀಟರ್ ಅಂದ್ರ ಕಡಿಮಿ ಅನಸ್ತದ. ಆದ್ರ ಆ ಎಂಟುನೂರು ಮೀಟರಿನಾಗ ಒಂದು ದೊಡ್ಡ ರಸ್ತಾ ದಾಟಬೇಕು, ಆಟೋ, ಟಂಟಂ, ಲಾರಿ ಎಲ್ಲಾ ಒಂದೇ ಕಡಿ ನುಗ್ಗತಾವ. ಬಾಯಿ ತೆರದ ಗಟಾರ ಅದ. ನಾಯಿ ಹಿಂಡು ಅದ. ಮೂಲಿಗಿ ನಿಂತು ಹಾದು ಹೋಗೋ ಹುಡುಗ್ಯಾರಿಗಿ ನೋಡೋ ಮಂದಿ ಅದಾರ. ಓಣ್ಯಾಗಿನ ಸಾಲಿ ಆದ್ರ ಎಂಟು ವರ್ಷದ ಅಕ್ಕ ಆರು ವರ್ಷದ ತಮ್ಮನ ಕೈ ಹಿಡ್ಕೊಂಡು ಹೋಗ್ತಾಳ, ನಾವು ಬಾಗಲ್ದಾಗ ನಿಂತೇ ನೋಡ್ತೀವಿ. ದಾರಿ ತುಂಬ ಪರಿಚಯದ ಮಂದಿ. ಅಂಗಡಿ ಚಾಚಾ ‘ಯಾಕೋ ಸಾಲಿ ಬಿಟ್ಟು ಇಲ್ಲಿ ನಿಂತಿ’ ಅಂತ ಗದರಸ್ತಾರ. ರಸ್ತಾದ ಆ ಕಡಿ ಸಾಲಿ ಹೋತಂದ್ರ ದಿನಾ ಎರಡು ಸಲ ಒಬ್ಬರು ದೊಡ್ಡವರು ಬಿಡ್ಲಾಕ ಕರಕೊಂಡು ಬರ್ಲಾಕ ಹೋಗ್ಬೇಕು. ಕೂಲಿಗಿ ಹೋಗೋ ತಾಯಿ ಯಾರಿಗಿ ಕಳಸ್ಬೇಕು?

ನಮ್ಮ ಓಣಿಯ ಒಬ್ಬಾಕಿ ಆಪಾ ಹೊಲಿಗಿ ಮಷಿನ್ ಮ್ಯಾಲ ಮನಿ ನಡಸ್ತಾಳ. ಮೂರು ಮಕ್ಕಳು, ನಡುವಿನಾಕಿ ಹುಡುಗಿ. ಈ ಕೂಡಸೋ ಸುದ್ದಿ ಕೇಳಿ ಆಕಿ ನನಗ ಹೇಳಿದ ಮಾತು ಹಂಗೇ ಬರದೀನಿ: ‘ಅಕ್ಕಾ, ಹುಡುಗರು ಹೆಂಗರ ಹೋಗ್ತಾವ. ಈಕಿಗಿ ಕರಕೊಂಡು ಹೋಗಿ ಬರ್ಲಾಕ ನನಗ ಎರಡು ತಾಸು ಹೋತದ. ಎರಡು ತಾಸಂದ್ರ ಒಂದು ಜಂಪರ್. ದಿನಾ ಒಂದು ಜಂಪರಿನ ರೊಕ್ಕ ಬಿಟ್ಟು ನಾ ಈಕಿಗಿ ಎಷ್ಟು ದಿನ ಓದಸ್ಲಿ?’ ಆಪಾ ಓದಿನ ವೈರಿ ಅಲ್ಲ. ಆಕಿ ಲೆಕ್ಕ ಮಾಡ್ಲಕತ್ತಾಳ, ಸರಕಾರ ಮಾಡಿದಂಗೇ. ಸರಕಾರದ ಲೆಕ್ಕದಾಗ ಉಳಿಯೋ ರೊಕ್ಕ ಆಪಾನ ಲೆಕ್ಕದಾಗ ಖರ್ಚಾಗಿ ಬರ್ತದ. ಆ ಖರ್ಚು ತಪ್ಪಸ್ಲಾಕ ಮೊದಲ ಮನ್ಯಾಗ ಕೂಡೋದು ಹುಡುಗಿ.

2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲಾದಾಗ ಓದು ಬರಹ ಬಲ್ಲ ಹೆಣ್ಮಕ್ಕಳು ನೂರಕ್ಕ 55ರ ಆಸುಪಾಸು, ಗಂಡಸರು 74. ಇಡೀ ರಾಜ್ಯದ ಹೆಣ್ಮಕ್ಕಳದ್ದು 68. ಹಿಂಗ ಹಿಂದ ಬಿದ್ದ ಜಿಲ್ಲಾದಾಗ ಹುಡುಗಿ ಸಾಲಿ ಒಂದು ಫರ್ಲಾಂಗ್ ಆ ಕಡಿ ಸರಸೋ ಮುಂಚೆ ಹತ್ತು ಸಲ ಇಚಾರ ಮಾಡ್ಬೇಕಾ, ಬ್ಯಾಡಾ?

‘ಬಸ್ ಫ್ರೀ ಅದಲ್ಲ’ ಅಂತೀರಿ. ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದದ, ಹೆಣ್ಮಕ್ಕಳಿಗಿ ಟಿಕೀಟಿಲ್ಲ. ನಾನೂ ತವರಿಗಿ ಹೋಗೋದು ಅದರಾಗೇ. ಆದ್ರ ಟಿಕೀಟ್ ಫ್ರೀ ಆದ್ರ ಸಾಲದು, ಬಸ್ಸು ಬರ್ಬೇಕು. ಸಾಲಿ ಗಂಟಿ ಹೊಡಿಯೋ ಮುಂಚೆ ಬರ್ಬೇಕು, ತಾಂಡಾದ ಮುಂದ ನಿಂದ್ರಬೇಕು, ಸಂಜಿಗಿ ತಿರುಗಿ ಬಿಡಬೇಕು. ಆರು ವರ್ಷದ ಕೂಸು ತುಂಬಿದ ಬಸ್ಸಿನಾಗ ಹತ್ತೋದು ಹೆಂಗ ಅನ್ನೋದು ಬ್ಯಾರೆ. ಎಂಟನೇತ್ತಾ ಮಕ್ಕಳಿಗಿ 2006–07ರಿಂದ ಸೈಕಲ್ ಕೊಡ್ತಿದ್ರು. ಆ ಸೈಕಲ್ ಮ್ಯಾಲ ಎಷ್ಟೋ ಹುಡುಗ್ಯಾರು ಹೈಸ್ಕೂಲ್ ಮೆಟ್ಟಲಾ ಹತ್ಯಾರ. ಕರೋನಾ ಕಾಲಕ್ಕ ಅದೂ ನಿಂತು ಹೋತು. ಕೊಟ್ಟಿದ್ದು ಹಿಂಗ ನಿಲ್ಲತದ ಅಂತ ಕಂಡೋರು ನಾವು. ಇವತ್ತ ‘ವ್ಯಾನ್ ಬಿಡ್ತೀವಿ’ ಅಂದ್ರ, ಡ್ರೈವರ್ ಪಗಾರ, ಡೀಸೆಲ್, ರಿಪೇರಿ ಐದು ವರ್ಷದ ಮ್ಯಾಲೂ ಬರ್ತದಂತ ಯಾರು ಬರಕೊಡ್ತಾರ?

ಈಗ ತಲಿ ಎಣಿಕಿ ಮಾತು. ‘ಹತ್ತು ಮಕ್ಕಳಿಗಿ ಒಂದು ಸಾಲಿ ಯಾಕ’ ಅಂತ ಕೇಳ್ತಾರ. ಆ ಹತ್ತು ಯಾವಾಗ ಎಣಿಸಿದ್ದು? ನಮ್ಮ ಕಡಿ ತಾಂಡಾ ಮಂದಿ ಸುಗ್ಗಿ ಮುಗದ ಮ್ಯಾಲ ಮುಂಬೈ, ಪುಣೆ, ಹೈದರಾಬಾದಿಗಿ ಗುಳೆ ಹೋಗ್ತಾರ. ತೊಗರಿ ರಾಶಿ ಆದ ಮ್ಯಾಲ ಅರ್ಧ ತಾಂಡಾ ಬೀಗ. ಅಜ್ಜಿ ಬಲ್ಲಿ ಬಿಟ್ಟು ಹೋದ ಮಕ್ಕಳು ಇಷ್ಟು, ಕರಕೊಂಡು ಹೋದ ಮಕ್ಕಳು ಅಷ್ಟು. ಅಜ್ಜಿ ಬಲ್ಲಿ ಯಾಕ ಬಿಡ್ತಾರ ಗೊತ್ತದೇನು? ಮಗ್ಗಲಿಗೇ ಸಾಲಿ ಅದ, ಮಧ್ಯಾಹ್ನ ಬಿಸಿಯೂಟ ಅದ, ಮುದುಕಿ ಕಣ್ಣಳತ್ಯಾಗ ಕೂಸು ಇರ್ತದ ಅಂತ. ಸಾಲಿ ನಾಲಾದ ಆ ಕಡಿ ಹೋದ ದಿನ ಮುದುಕಿ ‘ನನ್ನಿಂದ ಆಗಂಗಿಲ್ಲ ಯಪ್ಪಾ, ನಿನ್ನ ಕೂಸಿಗಿ ಜೋಡಿ ಕರಕೊಂಡು ಹೋಗು’ ಅಂತಾಳ. ಆ ಕೂಸು ಮುಂಬೈದಾಗ ಕಟ್ಟಡದ ಕೆಲಸದ ಮಗ್ಗಲಿಗಿ ಉಸಕಿನಾಗ ಆಡ್ತದ. ಆಗ ಕಚೇರ್ಯಾಗ ‘ವಿಲೀನದ ನಂತರ ದಾಖಲಾತಿ ಕಡಿಮೆ’ ಅಂತ ಒಂದು ಸಾಲು ಬರೀತಾರ. ಬಿಸಿಯೂಟ ಮೊದಲ ಶುರು ಆಗಿದ್ದೂ ನಮ್ಮ ಈಶಾನ್ಯ ಜಿಲ್ಲಾಗಳಾಗೇ, 2002ರಾಗ. ಹೊಟ್ಟಿ ಮತ್ತ ಸಾಲಿ ಹೆಂಗ ಕೂಡ್ಯಾವ ಅಂತ ಅವತ್ತಿನ ಅಧಿಕಾರಿಗಳಿಗಿ ತಿಳದಿತ್ತು.

ಮಕ್ಕಳು ಕಡಿಮಿ ಆಗ್ಲಾಕ ಇನ್ನೊಂದು ಕಾರಣ ಅದ, ಅದನ್ನ ಮುಚ್ಚಿಡೋದು ಬ್ಯಾಡ. ರೊಕ್ಕ ಇದ್ದವರು, ಇಲ್ಲದವರೂ ಸಾಲ ಮಾಡಿ ಕಾನ್ವೆಂಟ್‌ಗಿ ಕಳಸ್ಲಕತ್ಯಾರ. ಇಂಗ್ಲೀಷ್ ಸಲುವಾಗಿ ಅಂತಾರ. ಇಂಗ್ಲೀಷ್ ಒಂದೇ ಅಲ್ಲ. ಖಾಸಗಿ ಸಾಲಿಯ ಹಳದಿ ಬಸ್ಸು ಬಾಗಲಿಗಿ ಬಂದು ಹಾರ್ನ್ ಹೊಡಿತದ. ಅವರು ಗಿರಾಕಿ ಮನಿ ಬಾಗಲಿಗಿ ಬರ್ತಾರ, ಸರಕಾರ ಮಾತ್ರ ಇದ್ದ ಬಾಗಲಾನೂ ದೂರ ಒಯ್ಯಲಕತ್ಯಾದ. ಓಣ್ಯಾಗಿನ ಸರಕಾರಿ ಸಾಲಿ ಎದ್ದು ಎರಡು ಕಿಲೋಮೀಟರ್ ಆ ಕಡಿ ಹೋತಂದ್ರ ಮನ್ಯಾಗ ಲೆಕ್ಕ ಹೆಂಗ ಆಗ್ತದ? ಹುಡುಗನಿಗಿ ಹಳದಿ ಬಸ್ಸು, ಹುಡುಗಿಗಿ ಮನಿಕೆಲಸ. ಒಂದು ಫೀಸ್ ಆದ್ರ ಹೆಂಗೋ ಹೊಂದಸ್ತಾರ, ಎರಡು ಆಗಂಗಿಲ್ಲ. ಆ ಒಂದು ಯಾರಿಗಿ ಅಂತ ನಾ ಹೇಳ್ಬೇಕಾಗಿಲ್ಲ.

ಇನ್ನ ಒಂದು ತಮಾಷಿ ನೋಡ್ರಿ. ನಮ್ಮ ರಾಜ್ಯದಾಗ ಕಂದಾಯ ಜಿಲ್ಲಾ 31. ಶಿಕ್ಷಣ ಇಲಾಖೆದು ಮಾತ್ರ 35 ಶೈಕ್ಷಣಿಕ ಜಿಲ್ಲಾ. ಬೆಳಗಾವಿ ದೊಡ್ಡದಾತು ಅಂತ ಚಿಕ್ಕೋಡಿ, ತುಮಕೂರು ದೊಡ್ಡದಾತು ಅಂತ ಮಧುಗಿರಿ, ಉತ್ತರ ಕನ್ನಡ ಉದ್ದಾತು ಅಂತ ಶಿರಸಿ ಬ್ಯಾರೆ ಮಾಡ್ಯಾರ. ನಮ್ಮ ಕಲಬುರಗಿದಾಗೂ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಬಿಇಓ ಆಫೀಸ್. 2018ರಾಗ ಕಮಲಾಪುರ ತಾಲ್ಲೂಕು ಬ್ಯಾರೆ ಆತು, ಅದರ ಜೋಡಿ ಕಾಳಗಿ, ಶಹಾಬಾದ್, ಯಡ್ರಾಮಿ. ಯಾಕ ಮಾಡಿದ್ರು? ‘ಜನರಿಗೆ ದೂರ ಆಗ್ತದ, ಕಚೇರಿ ಹತ್ತರ ಇರ್ಬೇಕು’ ಅಂತ. ನಾವೂ ಖುಷಿಪಟ್ಟೀವಿ, ನಮ್ಮ ಅಣ್ಣಗ ಪಹಣಿ ತಗೊಳ್ಲಾಕ ಪ್ಯಾಟಿ ತನಕ ಬರೋದು ತಪ್ತು.

ಈಗ ನನ್ನ ಪ್ರಶ್ನೆ ಇಷ್ಟೇ. ಐವತ್ತು ವರ್ಷದ ಗಂಡಸು ವರ್ಷಕ್ಕ ನಾಲ್ಕು ಸಲ ಹೋಗೋ ಕಚೇರಿ ಹತ್ತರ ಇರ್ಬೇಕು. ಆರು ವರ್ಷದ ಹುಡುಗಿ ವರ್ಷಕ್ಕ ಇನ್ನೂರು ದಿನ ಹೋಗೋ ಸಾಲಿ ದೂರ ಆದ್ರ ನಡಿತದ. ಇದು ಯಾವ ಊರ ನ್ಯಾಯ? ದೊಡ್ಡವರ ಸಲುವಾಗಿ ಒಡೀತೀರಿ, ಸಣ್ಣವರ ಪಾಲಿಗಿ ಕೂಡಸ್ತೀರಿ. ಕೂಡಸೋ ಹಂಬಲ ಅಷ್ಟದ ಅಂದ್ರ ಮೊದಲ ಉತ್ತರ ವಲಯ, ದಕ್ಷಿಣ ವಲಯ ಒಂದ್ ಮಾಡ್ರಿ. ಎರಡು ಜೀಪು, ಎರಡು ಕಟ್ಟಡದಾಗ ಒಂದೊಂದು ಉಳಿತದ. ನಮ್ಮ ಓಣಿ ಮಂದಿ ಒಬ್ಬರೂ ಅಳಂಗಿಲ್ಲ.

ಸಣ್ಣ ಸಾಲಿ ಅಂದ್ರ ಸ್ವರ್ಗ ಅಂತ ನಾ ಹೇಳಂಗಿಲ್ಲ. ಒಬ್ಬ ಮಾಸ್ತರ ಐದು ಕ್ಲಾಸಿಗಿ ಕಲಸೋದು ಅಂದ್ರ ಏನ್ ಅಂತ ನೋಡೀನಿ. ಒಂದನೇತ್ತಾದವರಿಗಿ ಅ ಆ ತಿದ್ಲಾಕ ಕೂಡಿಸಿ, ನಾಲ್ಕನೇತ್ತಾದವರಿಗಿ ಮಗ್ಗಿ ಒದರ್ಲಾಕ ಹಚ್ಚಿ, ನಡುವ ಮೊಬೈಲಿನಾಗ ತತ್ತಿ ಬಾಳಿಹಣ್ಣಿನ ಲೆಕ್ಕ ತುಂಬೋದು. ಮೀಟಿಂಗಿಗಿ ಹೋದ ದಿನ ಸಾಲಿ ರಜಾ. ಚುನಾವಣಿ ಬಂತಂದ್ರ ರಜಾ, ಗಣತಿ ಬಂತಂದ್ರ ರಜಾ. ಇದು ಕಲಿಕಿ ಅಲ್ಲ. ಇದನ್ನ ಸರಿ ಮಾಡ್ಬೇಕು ಅನ್ನೋದ್ರಾಗ ನಾನೂ ಅಧಿಕಾರಿಗಳ ಜೋಡಿ ಅದೀನಿ.

ಆದ್ರ ರೋಗ ಯಾವುದು, ಔಷಧ ಯಾವುದು? ಶಿಕ್ಷಣ ಹಕ್ಕು ಕಾಯ್ದೆದಾಗ 60 ಮಕ್ಕಳ ತನಕ ಇರೋ ಪ್ರಾಥಮಿಕ ಸಾಲಿಗಿ ಇಬ್ಬರು ಶಿಕ್ಷಕರು ಅಂತ ಬರದದ. ಮಕ್ಕಳು ಹತ್ತಿದ್ರೂ ಇಬ್ಬರೇ. ಅಂದ್ರ ಒಬ್ಬ ಮಾಸ್ತರಿನ ಸಾಲಿ ಕಾಯ್ದೆ ಮುರದ ಸಾಲಿ. ಕಾಯ್ದೆ ಮುರದೋರು ಮಾಸ್ತರ ಕೊಡದೋರು, ಶಿಕ್ಷೆ ಮಾತ್ರ ಸಾಲಿಗಿ. ಎರಡು ಒಲಿ ಒಂದ್ ಮಾಡಿದ್ರ ಕಟಗಿ ಉಳಿತದ, ಖರೆ. ಆದ್ರ ಉಣ್ಣೋ ಬಾಯಿ ಅಷ್ಟೇ ಇರ್ತಾವ. ರೊಟ್ಟಿ ಬಡಿಯೋ ಕೈ ಕಡಿಮಿ ಇದ್ರ ದೊಡ್ಡ ಒಲಿ ಮುಂದೂ ಮಂದಿ ಉಪವಾಸೇ ಕೂಡ್ತಾರ.

ಇದಕ್ಕ ಸಾಕ್ಷಿ ನಮ್ಮ ಮುಂದೇ ಅದ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಾಗ ದಕ್ಷಿಣ ಕನ್ನಡ 91.12 ತಗೊಂಡು ಮೊದಲ ಬಂತು. ನಮ್ಮ ಕಲಬುರಗಿ 42.43 ತಗೊಂಡು ಎಲ್ಲಾರಿಗಿಂತಾ ಕಡಿಗಿ. ನಾಚಿಕಿ ಆತು, ಸಂಕಟ ಆತು. ಆದ್ರ ಹೈಸ್ಕೂಲ್ ಅಂದ್ರ ಏನು? ಹತ್ತಾರು ಊರಿನ ಮಕ್ಕಳು ಬಂದು ಒಂದೇ ಕಡಿ ಕೂಡೋ ಸಾಲಿ. ಅವು ಆಗಲೇ ಕೂಡಿಸಿದ ಸಾಲಿಗಳು! ಬರೇ ದೊಡ್ಡದು ಮಾಡಿದ್ರೇ ವಿದ್ಯಾ ಬರ್ತದ ಅಂದ್ರ ನಮ್ಮ ಹೈಸ್ಕೂಲಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾಕ ಫೇಲಾದ್ರು? ಒಂದರಿಂದ ಐದನೇತ್ತಾ ತನಕ ಬುನಾದಿ ಬಿದ್ದಿಲ್ಲ. ಬುನಾದಿ ಹಾಕೋ ಮಾಸ್ತರ ಇದ್ದಿಲ್ಲ. ಆ ಬುನಾದಿ ಜಾಗಾನೇ ಈಗ ಎತ್ತಲಕತ್ಯಾರ.

ನಮ್ಮ ಭಾಗದ ಮಂದಿಗಿ ಕೂಡೋದು ಹೊಸಾದಲ್ಲ, ಕೂಡಿ ಏನಾಗ್ತದ ಅನ್ನೋದೂ ಗೊತ್ತದ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ದೋರು. ಉರ್ದು ಆಡಳಿತದ ಕಾಲದಾಗೂ ನಮ್ಮ ಹಿರಿಯರು 1907ರಾಗೇ ನೂತನ ವಿದ್ಯಾಲಯದಂಥ ಸಾಲಿ ಕಟ್ಟಿದ್ರು. 1956ರಾಗ ಕನ್ನಡ ನಾಡು ಒಂದಾತು, ನಾವು ಹೆಮ್ಮಿಲೇ ಕೂಡಿದ್ವಿ. ಆದ್ರ 2002ರಾಗ ಡಾ. ನಂಜುಂಡಪ್ಪನವರ ಸಮಿತಿ ವರದಿ ಕೊಟ್ಟಾಗ ಏನ್ ಕಂಡಿತು? ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕಿನಾಗ 21 ಗುಲಬರ್ಗಾ ವಿಭಾಗದವೇ. ಪಾಲು ಕೇಳಿ ಕೇಳಿ, ಕಡಿಗಿ 371(ಜೆ) ಕಲಮು ಬರ್ಲಾಕ ಐವತ್ತು ವರ್ಷದ ಮ್ಯಾಲಾತು. ಕೂಡೋದು ತಪ್ಪಲ್ಲ. ಕೂಡಿದ ಮ್ಯಾಲ ಸಣ್ಣವರ ಪಾಲು ಕೇಳೋರು ಯಾರು ಅನ್ನೋದು ಮೊದಲೇ ಬರಕೊಳ್ಳದಿದ್ರ, ಸಣ್ಣವರು ಮೂಲಿಗಿ ಬೀಳ್ತಾರ. ತಾಂಡಾದ ಹತ್ತು ಮಕ್ಕಳು ನಾಲ್ಕುನೂರು ಮಕ್ಕಳ ಸಾಲಿಗಿ ಹೋಗಿ ಹಿಂದಿನ ಬೆಂಚಿನಾಗ ಕೂತಾಗ, ಮನ್ಯಾಗ ಲಂಬಾಣಿ ಮಾತಾಡೋ ಆ ಕೂಸಿಗಿ ‘ತಿಳೀತೇನವ್ವಾ’ ಅಂತ ಕೇಳೋರು ಯಾರು?

ಬ್ಯಾರೆ ರಾಜ್ಯದಾಗ ಏನಾಗ್ಯಾದ ಅನ್ನೋದೂ ನೋಡ್ರಿ. ರಾಜಸ್ಥಾನದಾಗ 2014ರಾಗ ಸುಮಾರು 17 ಸಾವಿರ ಸಾಲಿ ಕೂಡಿಸಿದ್ರು, ಊರ ಮಂದಿ ಗದ್ದಲ ಮಾಡಿದ ಮ್ಯಾಲ ಕೆಲವು ಸಾಲಿ ಮತ್ತ ಬ್ಯಾರೆ ಮಾಡ್ಬೇಕಾತು. ಉತ್ತರ ಪ್ರದೇಶದಾಗ 2025ರ ಜೂನ್‌ದಾಗ ಸಣ್ಣ ಸಾಲಿ ಜೋಡಸೋ ಆದೇಶ ಹೊಂಟಿತು. ಸೀತಾಪುರದ ಮಕ್ಕಳ ಹೆಸರಿಲೇ ಅಲಹಾಬಾದ್ ಹೈಕೋರ್ಟಿಗಿ ಅರ್ಜಿ ಹೋತು. ಜುಲೈ 7ಕ್ಕ ಒಬ್ಬ ನ್ಯಾಯಮೂರ್ತಿ ಸರಕಾರದ ಕಡಿ ತೀರ್ಪು ಕೊಟ್ರು, ಜುಲೈ 24ಕ್ಕ ವಿಭಾಗೀಯ ಪೀಠ ಸೀತಾಪುರದಾಗ ಇದ್ದದ್ದು ಇದ್ದಂಗೇ ಇರ್ಲಿ ಅಂತು. ಆಮ್ಯಾಲ ಅಲ್ಲಿನ ಮಂತ್ರಿಗಳೇ ಒಂದು ಕಿಲೋಮೀಟರಿಗಿಂತ ದೂರದ ಸಾಲಿ, 50ಕ್ಕಿಂತ ಹೆಚ್ಚು ಮಕ್ಕಳಿರೋ ಸಾಲಿ ಕೂಡಸಂಗಿಲ್ಲ ಅಂದ್ರು. ತಾಯಿ ತಂದಿ ಒದರಿದ ಮ್ಯಾಲ ಬಂದ ಬುದ್ಧಿ ಮೊದಲೇ ಬಂದಿದ್ರ ಆ ಮಕ್ಕಳು ಕೋರ್ಟ್ ಮೆಟ್ಟಲಾ ಹತ್ತಬೇಕಾಗಿದ್ದಿಲ್ಲ.

ಹಂಗಾದ್ರ ದಾರಿ ಏನು? ದಾರಿ ಆಗಲೇ ಪುಸ್ತಕದಾಗ ಅದ. 1964–66ರ ಕೊಠಾರಿ ಆಯೋಗ ‘ಶಾಲಾ ಸಂಕೀರ್ಣ’ ಅಂತ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿನೂ ಅದನ್ನೇ ಹೇಳ್ತದ. ಐದರಿಂದ ಹತ್ತು ಕಿಲೋಮೀಟರ್ ಸುತ್ತಿನಾಗ ಒಂದು ಹೈಸ್ಕೂಲು, ಅದರ ಸುತ್ತಲಿನ ಪ್ರಾಥಮಿಕ ಸಾಲಿ, ಅಂಗನವಾಡಿ ಎಲ್ಲಾ ಒಂದು ಕುಟುಂಬ. ಆಡಳಿತ ಒಂದು, ಸಾಮಾನು ಹಂಚ್ಕೊಳ್ಳೋದು, ಮಾಸ್ತರು ಹಂಚ್ಕೊಳ್ಳೋದು. ಅಣ್ಣತಮ್ಮರು ಬ್ಯಾರೆ ಬ್ಯಾರೆ ಮನ್ಯಾಗಿದ್ರೂ ಬಿತ್ತಿಗಿ ಒಂದೇ ಜೋಡಿ ಎತ್ತು ಹೂಡ್ದಂಗ.

ಅದನ್ನೇ ಮಾಡ್ರಿ. ಏನೇನ್ ಕೂಡಸ್ಬೇಕು, ನಾ ಹೇಳ್ತೀನಿ ಬರಕೊಳ್ರಿ. ಆಟದ ಮಾಸ್ತರು, ಚಿತ್ರದ ಮಾಸ್ತರು, ಇಂಗ್ಲೀಷ್ ಟೀಚರ್ ಕೂಡಸ್ರಿ. ವಾರದಾಗ ಎರಡು ದಿನ ಒಂದು ಸಾಲಿ, ಎರಡು ದಿನ ಇನ್ನೊಂದು ಸಾಲಿ, ಮಾಸ್ತರು ತಿರುಗ್ಲಿ. ಅವರಿಗಿ ಗಾಡಿ ಅದ, ಪಗಾರ ಅದ. ಪ್ರಯೋಗಶಾಲಿ, ಕಂಪ್ಯೂಟರ್, ಗ್ರಂಥಾಲಯ ದೊಡ್ಡ ಸಾಲ್ಯಾಗ ಇಟ್ಟು ತಿಂಗಳಿಗಿ ಎರಡು ಸಲ ಸಣ್ಣ ಸಾಲಿ ಮಕ್ಕಳಿಗಿ ಕರಕೊಂಡು ಹೋಗ್ರಿ. ತತ್ತಿ ಲೆಕ್ಕ, ಹಾಲಿನ ಲೆಕ್ಕ, ಸ್ಕಾಲರ್‌ಶಿಪ್ ಅರ್ಜಿ ತುಂಬ್ಲಾಕ ಹತ್ತು ಸಾಲಿಗಿ ಒಬ್ಬ ಗುಮಾಸ್ತ ಇಡ್ರಿ, ಮಾಸ್ತರು ಕಲಸ್ಲಿ. ಒಂದೇ ಕಾಂಪೌಂಡಿನಾಗ ಕನ್ನಡ ಸಾಲಿ, ಉರ್ದು ಸಾಲಿ ಇದ್ದಲ್ಲಿ ಮೈದಾನ, ಅಡಗಿಮನಿ, ನೀರಿನ ಟಾಕಿ, ಆಫೀಸ್ ಒಂದ್ ಮಾಡ್ರಿ. ಮಕ್ಕಳು ಕೂಡಿ ಆಡ್ಲಿ, ಕೂಡಿ ಉಣ್ಲಿ, ಕಲಿಯೋದು ಅವರವರ ಮಾಧ್ಯಮದಾಗೇ ಕಲೀಲಿ. ಎಂಟರಿಂದ ಮ್ಯಾಲಿನ ಕ್ಲಾಸ್ ಬೇಕಾದ್ರ ದೊಡ್ಡ ಸಾಲಿಗೇ ಹೋಗ್ಲಿ, ಆ ವಯಸ್ಸಿಗಿ ಕಾಲು ಗಟ್ಟಿ ಇರ್ತಾವ, ಸೈಕಲ್ ಮಾತ್ರ ತಿರುಗಿ ಕೊಡ್ರಿ. ಒಂದರಿಂದ ಐದನೇತ್ತಾ ತನಕದ ಬಾಗಲಾ ಓಣ್ಯಾಗೇ ಇರ್ಲಿ, ತಾಂಡಾದಾಗೇ ಇರ್ಲಿ.

ಖರ್ಚು ಹೆಚ್ಚಾಗ್ತದ ಅಂತೀರಿ. ಆಗ್ಲಿ. 2,500 ಕೋಟಿ ಸಾಲ ತಂದು ಗ್ವಾಡಿಗಿ ಬಣ್ಣ ಹಚ್ಚೋದಕ್ಕ ಆಗ್ತದ ಅಂದ್ರ ಮಾಸ್ತರ ಪಗಾರಕ್ಕ ಯಾಕ ಆಗಂಗಿಲ್ಲ? ಬಣ್ಣ ಐದು ವರ್ಷಕ್ಕ ಉದುರ್ತದ. ಕೂಡಿಸಿ ಕಳಿಯೋದು ಕಲತ ಹುಡುಗಿ ಅರವತ್ತು ವರ್ಷ ಮನಿ ನಡಸ್ತಾಳ.

ಅಕ್ಕಂದಿರೇ, ತಂಗ್ಯಂದಿರೇ, ಇದನ್ನ ಓದಿ ‘ಖರೆ ಅದ ನೋಡು’ ಅಂತ ಫೋನ್ ಕೆಳಗ ಇಟ್ರ ಕೆಲಸ ಆಗಂಗಿಲ್ಲ. ಕಾಯ್ದೆದಾಗ ಸಾಲಿ ನಿರ್ವಹಣಾ ಸಮಿತಿ ಅಂತ ಅದ, ನಾವು ಎಸ್‌ಡಿಎಂಸಿ ಅಂತೀವಿ. ಅದರಾಗ ಮುಕ್ಕಾಲು ಮಂದಿ ತಾಯಿ ತಂದಿ ಇರ್ಬೇಕು, ಅರ್ಧ ಮಂದಿ ಹೆಣ್ಮಕ್ಕಳು ಇರ್ಬೇಕು ಅಂತ 21ನೇ ಕಲಮಿನಾಗ ಬರದದ. ಆ ಅರ್ಧ ನಾವು. ಸಾಲಿಯಿಂದ ಮೀಟಿಂಗ್ ಅಂತ ಕರದಾಗ ಗಂಡನಿಗಿ ಕಳಸಬ್ಯಾಡ್ರಿ, ನೀವೇ ಹೋಗ್ರಿ. ಪಲ್ಯ ಒಂದು ತಾಸು ತಡ ಆದ್ರ ಯಾರೂ ಸಾಯಂಗಿಲ್ಲ. ಖಾಲಿ ಹಾಳಿ ಮ್ಯಾಲ ಸಹಿ ಮಾಡಬ್ಯಾಡ್ರಿ, ಹೆಬ್ಬೆಟ್ಟು ಒತ್ತಬ್ಯಾಡ್ರಿ. ‘ಬರೇ ಹಾಜರಿ ಸಲುವಾಗ್ರಿ ಬಾಯೀ’ ಅಂದ್ರೂ ಮ್ಯಾಲ ಏನ್ ಬರದದ ಅಂತ ಓದಿಸಿ ಕೇಳ್ರಿ. ನಾಳಿ ಅದೇ ಹಾಳಿ ಮ್ಯಾಲ ‘ಪೋಷಕರು ಒಪ್ಪಿರುತ್ತಾರೆ’ ಅಂತ ಬರಬಹುದು.

ಮತ್ತ ನಾಲ್ಕು ಪ್ರಶ್ನೆ ಕೇಳ್ರಿ. ಹೊಸಾ ಸಾಲಿ ನನ್ನ ಮನಿ ಬಾಗಲಿಂದ ನಡದು ಹೋದ್ರ ಎಷ್ಟು ದೂರ, ಮಳಗಾಲದಾಗ ಎಷ್ಟು ದೂರ? ಗಾಡಿ ಬಿಡ್ತೀರಿ ಅಂದ್ರ ಆದೇಶ ಎಲ್ಲದ, ಎಷ್ಟು ವರ್ಷಕ್ಕ? ಅಲ್ಲಿ ಈಗ ಎಷ್ಟು ಕಾಯಂ ಶಿಕ್ಷಕರು ಅದಾರ, ನಮ್ಮ ಮಕ್ಕಳು ಬಂದ ಮ್ಯಾಲ ಎಷ್ಟು ಆಗ್ತಾರ? ಹುಡುಗ್ಯಾರಿಗಿ ಬ್ಯಾರೆ ಪಾಯಖಾನಿ ಎಷ್ಟು, ಅದರಾಗ ನೀರು ಬರ್ತದೇನು? ಈ ನಾಲ್ಕಕ್ಕ ಬಾಯಿಲೇ ಉತ್ತರ ಕೊಟ್ರ ಸಾಲದು, ನಡಾವಳಿ ಪುಸ್ತಕದಾಗ ಬರಸ್ರಿ. 2010ರ ಕೇಂದ್ರದ ನಿಯಮದಾಗೇ ಅದ, ಸಾಲಿ ಇಲ್ಲದ ಸಣ್ಣ ವಸತಿ ಮಕ್ಕಳಿಗಿ ಉಚಿತ ಸಾರಿಗಿ ಇಲ್ಲಾ ವಸತಿ ವ್ಯವಸ್ಥಾ ಮಾಡ್ಬೇಕು ಅಂತ. ಸಾಲಿ ಇದ್ದ ಕಡಿ ಅದನ್ನ ತಗದು, ‘ಸಾಲಿ ಇಲ್ಲದ ವಸತಿ’ ತಾವೇ ಹುಟ್ಟಸ್ತಾರ ಅಂದ್ರ ಆ ವ್ಯವಸ್ಥಾ ಮೊದಲ ತೋರಸ್ಬೇಕು, ಆಮ್ಯಾಲ ಮಾತು.

ಉತ್ತರ ಸಿಗೋ ತನಕ ನಮ್ಮ ಓಣಿ ಸಾಲಿ ಇದ್ದಲ್ಲೇ ಇರ್ತದ. ಕೀಲಿ ಕೇಳ್ಲಾಕ ಬಂದೋರಿಗಿ ಚಹಾ ಕೊಡ್ರಿ, ಕೂಡ್ಲಾಕ ಚಾಪಿ ಹಾಸ್ರಿ, ಕೀಲಿ ಮಾತ್ರ ಕೊಡಬ್ಯಾಡ್ರಿ.